ಮೂರು ಡಬ್ಬಿ ತಗೊಂಡರೆ ಅಗ್ಗವಂತೆ

(ಗುಂಪು: ನಮ್ಮ ಮನೆಮಂದಿ. ಭಾನುವಾರ ರಾತ್ರಿ)

ಪ್ರವೀಣ: [ಫಾರ್ವರ್ಡ್] ಹಿಮಾಲಯದ ಕೀಡಾ ಜಡಿ ಕ್ಯಾಪ್ಸುಲ್! ದಮ್ಮು ದುಪ್ಪಟ್ಟು! ಚೀನಾ ಓಟಗಾರ್ತಿಯರ ವಿಶ್ವದಾಖಲೆಯ ಗುಟ್ಟು! 60 ಕ್ಯಾಪ್ಸುಲ್‌ಗೆ 1,899 ರೂ. ಮೂರು ಡಬ್ಬಿ ಕೊಂಡರೆ ತಲಾ 1,499.

ಪ್ರವೀಣ: ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡುತ್ತಿದ್ದೇನೆ. 30 ಕಿಲೋಮೀಟರ್ ದಾಟಿದರೆ ಕಾಲು ಕಲ್ಲಾಗುತ್ತದೆ. ನನಗೊಂದು ಬೇಕೇ ಬೇಕು. ಇನ್ನಿಬ್ಬರು ಯಾರು?

ಸರೋಜತ್ತೆ: ಹುಳದ ಮೈಮೇಲೆ ಬೆಳೆಯೋ ಅಣಬೆ ಅಲ್ವೇನೋ ಅದು? ಮಳೆಗಾಲದಲ್ಲಿ ಹುತ್ತದ ಅಣಬೆ ಸಾರು ಮಾಡಿದರೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದವನು ನೀನು!

ದೊಡ್ಡಪ್ಪ: ನನಗೂ ಒಂದು ಇರಲಿ.

ಸಹನಾ: ದೊಡ್ಡಪ್ಪ, ಸ್ವಲ್ಪ ತಡೀರಿ. ಪ್ರವೀಣಣ್ಣ, ಡಬ್ಬಿ ಹಿಂದೆ ಬರೆದಿರೋದರ ಫೋಟೋ ಹಾಕು. ಹಿಮಬೆಟ್ಟದ ಚಿತ್ರ ನೋಡಿ ಆಯ್ತು.

ಪ್ರವೀಣ: [ಫೋಟೋ] ಫಾರ್ಮಸಿ ಓದಿದವರಿಗೆ ಎಲ್ಲದರಲ್ಲೂ ಅನುಮಾನ.

ಸಹನಾ: ಒಂದೊಂದು 500 ಮಿಲಿಗ್ರಾಂ. 60 ಅಂದರೆ 30 ಗ್ರಾಂ. ಅಸಲಿ ಕೀಡಾ ಜಡಿಗೆ ಉತ್ತರಾಖಂಡದ ಧಾರ್ಚುಲಾ, ಮುನ್ಸ್ಯಾರಿ ಕಡೆಯವರು ಹಿಮ ಕರಗುವ ಹೊತ್ತಿಗೆ ಬೆಟ್ಟ ಹತ್ತುತ್ತಾರೆ. ಹುಲ್ಲಿನಲ್ಲಿ ಮಂಡಿಯೂರಿ ಒಂದೊಂದಾಗಿ ಹುಡುಕಿ ಕೀಳಬೇಕು. ಕಿಲೋಗೆ 10 ಲಕ್ಷ ಅಂತ ಹಿಡಿದರೂ 30 ಗ್ರಾಂಗೆ 30,000 ಆಯ್ತು. 1,499ಕ್ಕೆ ಕೊಡೋಕೆ ಅವರೇನು ನಿನ್ನ ಸೋದರಮಾವಂದಿರಾ?

ಸಹನಾ: ಸಣ್ಣಕ್ಷರ ಓದು. ಕಾರ್ಡಿಸೆಪ್ಸ್ ಮಿಲಿಟಾರಿಸ್. ಅದು ಬೇರೆ ಜಾತಿಯ ಹುಳದ ಅಣಬೆ. ಲ್ಯಾಬಿನಲ್ಲಿ ಅಕ್ಕಿ ಮೇಲೆ ಬೆಳೆಸುತ್ತಾರೆ. ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹಿಮಾಲಯದ್ದಲ್ಲ, ಅಷ್ಟೇ.

ಪ್ರವೀಣ: ಎಲ್ಲಿ ಬೆಳೆದರೇನು? ಚೀನಾದವರು ದಾಖಲೆ ಮಾಡಿದ್ದು ಸುಳ್ಳಾ?

ಸಹನಾ: ಓಡಿದ್ದು ನಿಜ. 1993, ಬೀಜಿಂಗ್. ವಾಂಗ್ ಜುನ್‌ಷಿಯಾ 10,000 ಮೀಟರನ್ನು 29 ನಿಮಿಷ 31.78 ಸೆಕೆಂಡಿನಲ್ಲಿ ಮುಗಿಸಿದಳು. ಹಳೇ ದಾಖಲೆಗಿಂತ ಸುಮಾರು 42 ಸೆಕೆಂಡ್ ಕಡಿಮೆ. ಕೋಚ್ ಮಾ ಜುನ್‌ರೆನ್ ಆಮೆ ರಕ್ತ, ಹುಳದ ಅಣಬೆ ಅಂತ ಹೇಳಿಕೊಂಡ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೊರಡುವ ಮುಂಚೆ ರಕ್ತಪರೀಕ್ಷೆ ಆಯ್ತು. ಅವನ ಆರು ಓಟಗಾರ್ತಿಯರನ್ನು ತಂಡದಿಂದ ಕೈಬಿಟ್ಟರು. 2016ರಲ್ಲಿ ಒಂದು ಹಳೇ ಪತ್ರ ಹೊರಗೆ ಬಂತು. 1995ರದ್ದು. ವಾಂಗ್ ಸೇರಿ ಹತ್ತು ಜನರ ಹೆಸರು ಅದರಲ್ಲಿತ್ತು. ನಿಷೇಧಿತ ಔಷಧಿಯನ್ನು ಬಲವಂತವಾಗಿ ಕೊಡುತ್ತಿದ್ದರು ಅಂತ ಬರೆದಿದ್ದರು. ಇಷ್ಟೆಲ್ಲ ಆದಮೇಲೂ ಹೊಗಳಿಕೆ ಮಾತ್ರ ಅಣಬೆಗೆ!

ಸರೋಜತ್ತೆ: ಆಮೆ ರಕ್ತವಾ! ಶಿವ ಶಿವ.

ಪ್ರವೀಣ: ಅದು ಹಳೇ ಕತೆ ಬಿಡು. 2017ರ ಅಮೆರಿಕದ ಅಧ್ಯಯನ ಇದೆ. ಮೂರು ವಾರ ತಿಂದವರಿಗೆ ಆಮ್ಲಜನಕ ಬಳಸೋ ಶಕ್ತಿ ಹೆಚ್ಚಾಗಿದೆ.

ಸಹನಾ: ಇದೆ, ಒಪ್ಪಿದೆ. 28 ಜನರ ಮೇಲೆ ನಡೆದದ್ದು. ಮೊದಲ ವಾರ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೂರು ವಾರ ಮುಂದುವರಿಸಿದವರು ಕೆಲವೇ ಮಂದಿ. ತಿಂದದ್ದು ಹಲವು ಅಣಬೆಗಳ ಮಿಶ್ರಣ, ದಿನಕ್ಕೆ 4 ಗ್ರಾಂ. ಈಗ ಲೆಕ್ಕ ಹಾಕು. ದಿನಕ್ಕೆ ಎಂಟು ಕ್ಯಾಪ್ಸುಲ್. ಒಂದು ಡಬ್ಬಿ ಏಳೂವರೆ ದಿನಕ್ಕೆ ಖಾಲಿ. ಮೂರು ವಾರಕ್ಕೆ 168. ಆ ಮೂರೂ ಡಬ್ಬಿ ನಿನಗೊಬ್ಬನಿಗೇ ಬೇಕು! ಇವರು ನೋಡಿದರೆ ದಿನಕ್ಕೆ ಎರಡು ಅಂತ ಬರೆದಿದ್ದಾರೆ.

ಸಹನಾ: ಇನ್ನೊಂದಿದೆ, 2004ರದ್ದು. ಚೆನ್ನಾಗಿ ಪಳಗಿದ 22 ಸೈಕಲ್ ಸವಾರರು. ಐದು ವಾರ, ದಿನಕ್ಕೆ 3 ಗ್ರಾಂ ಕಾರ್ಡಿಸೆಪ್ಸ್. ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ ನೋಡು.

ಪ್ರವೀಣ: ಹಾಗಾದರೆ ನನ್ನ ಕಾಲಿಗೆ ಏನು ಮಾಡಲಿ?

ಸಹನಾ: ಓಡುವಾಗ ತಿನ್ನು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಮುಗಿದಾಗಲೇ ಕಾಲು ಕಲ್ಲಾಗೋದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮೊನ್ನೆ 25 ಕಿಲೋಮೀಟರ್ ಬರೀ ನೀರು ಕುಡಿದು ಓಡಿದೆ ಅಂತ ನೀನೇ ಸ್ಟೇಟಸ್ ಹಾಕಿದ್ದೆ.

ಸರೋಜತ್ತೆ: ಬೆಲ್ಲದ ಪಾನಕ ಮಾಡಿ ಬಾಟಲಿಗೆ ತುಂಬಿಸಿ ಕೊಡುತ್ತೇನೆ. ಚಿಟಿಕೆ ಉಪ್ಪೂ ಹಾಕುತ್ತೇನೆ. ದುಡ್ಡು ಬೇಡ.

ದೊಡ್ಡಪ್ಪ: ಹಾಗಾದರೆ ನನಗೆ ಬೇಡ್ವಾ? ಮೆಟ್ಟಿಲು ಹತ್ತಿದರೆ ದಮ್ಮು ಸಾಲುತ್ತಿಲ್ಲ, ಅದಕ್ಕೇ ಕೇಳಿದೆ.

ಸಹನಾ: ಬೇಡ ದೊಡ್ಡಪ್ಪ. ಇದರಲ್ಲಿ ರೀಷಿ ಅಣಬೆಯೂ ಇದೆ. ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳುತ್ತಿದ್ದೀರಲ್ಲ. ಎರಡೂ ಸೇರಿದರೆ ರಕ್ತಸ್ರಾವ ಜಾಸ್ತಿ ಆಗಬಹುದು. ಅದಿರಲಿ, ದಮ್ಮು ಸಾಲದೆ ಎಷ್ಟು ದಿನ ಆಯ್ತು?

ದೊಡ್ಡಪ್ಪ: ದೀಪಾವಳಿಯಿಂದ.

ಸಹನಾ: ದೊಡ್ಡಪ್ಪ!!

ಸರೋಜತ್ತೆ: ಅಣ್ಣಾ, ಮೂರು ವಾರ ಆಯ್ತು! ಪಕ್ಕದ ಬೀದಿಯಲ್ಲೇ ಇದ್ದೇನಲ್ಲ, ಒಂದು ಮಾತು ಹೇಳಬಾರದಾ?

ದೊಡ್ಡಪ್ಪ: ಸುಮ್ನೆ ಎಲ್ಲರಿಗೂ ಗಾಬರಿ ಯಾಕೆ ಅಂತ.

ಪ್ರವೀಣ: ನಾಳೆ ಎಂಟಕ್ಕೆ ಕಾರು ತರುತ್ತೇನೆ. ಹಳೇ ಇಸಿಜಿ ಫೈಲು, ಮಾತ್ರೆ ಚೀಟಿ ತೆಗೆದಿಟ್ಟಿರಿ. ರಾತ್ರಿ ಎದೆ ಹಿಡಿದ ಹಾಗಾದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ.

ದೊಡ್ಡಪ್ಪ: ಆಗಲಿ ಮಗ. ನಿನ್ನ ಓಟ ತಪ್ಪಿಸಬೇಡ. ಮುಗಿಸಿಕೊಂಡೇ ಬಾ.

ಸಹನಾ: ಪ್ರವೀಣಣ್ಣ, ಡಬ್ಬಿ?

ಪ್ರವೀಣ: ಮಧ್ಯಾಹ್ನವೇ ಒಂದು ಆರ್ಡರ್ ಮಾಡಿಬಿಟ್ಟಿದ್ದೆ. 1,899ಕ್ಕೆ.