ಹಳೇ ಎಂಎಂ540: ಗುಡ್ಡೆ ಹತ್ತುವಾಗ ಪಿಕಪ್ ಸತ್ತು ನಿಲ್ತದೆ, ಪ್ರೈಮರ್ ಹೊಡೆದರೆ ಮತ್ತೆ ಸರಿ

ಏತಡ್ಕ ಜೀಪು:

ಗಾಡಿ ಮಹೀಂದ್ರಾ ಎಂಎಂ540, ಪೂಜೋ ಎಕ್ಸ್‌ಡಿಪಿ 4.90 ಎಂಜಿನು, 2112 ಸಿಸಿ. ಕೆಎಲ್ 14 ರಿಜಿಸ್ಟ್ರೇಷನ್. ಈಗ ತೋಟದ ಕೆಲಸಕ್ಕೆ ಮಾತ್ರ ಇಟ್ಟದ್ದು, ಅಡಿಕೆ, ಗೊಬ್ಬರ, ಮುರಕಲ್ಲು ಹೊರುವುದು. ಬದಿಯಡ್ಕ ಪೇಟೆಗೆ ಹೋಗಿ ಬರಲಿಕ್ಕೆ ಎಂತ ತೊಂದರೆಯೂ ಇಲ್ಲ. ಆದರೆ ಲೋಡ್ ಹಾಕಿ ಗುಡ್ಡೆ ಹತ್ತುವಾಗ ಸ್ವಲ್ಪ ದೂರ ಸರಿ ಎಳೆದು, ಮತ್ತೆ ಪಿಕಪ್ ನಿಧಾನಕ್ಕೆ ಕಡಿಮೆಯಾಗ್ತಾ ಬಂದು ನಿಂತೇ ಬಿಡ್ತದೆ. ಹ್ಯಾಂಡ್ ಪ್ರೈಮರ್ (ಡೀಸೆಲ್ ಲೈನಿಗೆ ಕೈಯಲ್ಲಿ ಹೊಡೆಯುವ ಸಣ್ಣ ಪಂಪು) ಗಟ್ಟಿಯಾಗುವವರೆಗೆ ಹೊಡೆದರೆ ಸ್ಟಾರ್ಟ್ ಆಗ್ತದೆ, ಪುನಃ ಸ್ವಲ್ಪ ಮೇಲೆ ಹೋಗಿ ಅದೇ ಕಥೆ. ರಾತ್ರಿ ಮೂತಿ ಮೇಲೆ ಮಾಡಿ ಇಳಿಜಾರಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಲಿಕ್ಕೆ ಒದ್ದಾಟ. ಎಲ್ಲಿಯೂ ಡೀಸೆಲ್ ಸೋರುವುದು ಕಾಣುವುದಿಲ್ಲ. ಎರಡೂ ಫಿಲ್ಟರ್ ಹೊಸತು ಹಾಕಿ ಆಯ್ತು. ಮೆಕ್ಯಾನಿಕ್ ಹೇಳುವುದು ನಾಝಲುಗಳಿಗೆ (ಎಂಜಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿಗಳು) ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕೊಡಬೇಕು ಅಂತ. ಅದಕ್ಕೆ ಮೊದಲು ಮನೆಯಲ್ಲೇ ನೋಡಬಹುದಾದದ್ದು ಎಂತಾದರೂ ಉಂಟಾ?

ಮುಳ್ಳೇರಿಯ ಡೀಸೆಲ್:

ಪಂಪ್ ಈಗಲೇ ಇಳಿಸಬೇಡಿ. ಪ್ಲಂಜರ್ (ಒಳಗೆ ಡೀಸೆಲ್ ಒತ್ತುವ ಕಡ್ಡಿ) ಸವೆದ ಪಂಪು ಪ್ರೈಮರ್ ಹೊಡೆದ ಕೂಡಲೇ ಸರಿಯಾಗುವುದಿಲ್ಲ. ಸವೆದ ಪಂಪಿನ ಲಕ್ಷಣ ಬೇರೆ: ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಆಗ್ತದೆ, ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಸ್ಟಾರ್ಟ್ ಆಗಲಿಕ್ಕೆ ಸತಾಯಿಸ್ತದೆ. ನಿಮ್ಮದು ತದ್ವಿರುದ್ಧ. ಪಂಪಿಗೆ ಬರಬೇಕಾದಷ್ಟು ಡೀಸೆಲ್ ಬರ್ತಾ ಇಲ್ಲ, ಅಥವಾ ಡೀಸೆಲಿನ ಒಟ್ಟಿಗೆ ಗಾಳಿ ಬರ್ತಾ ಉಂಟು.

ಸೋರುವುದಿಲ್ಲ ಎಂದರೆ ಏರ್ ಎಳೆಯುವುದಿಲ್ಲ ಅಂತ ಲೆಕ್ಕ ಹಾಕಬೇಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪು) ಪೈಪಿನಲ್ಲಿ ಎಂಜಿನ್ ಓಡುವಾಗ ಇರುವುದು ಒತ್ತಡ ಅಲ್ಲ, ಎಳೆತ. ಅಲ್ಲಿ ಒಂದು ಕೂದಲಿನಷ್ಟು ಬಿರುಕಿದ್ದರೂ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗ್ತದೆ. ತೂತಿರುವ ಸ್ಟ್ರಾ ಹಾಕಿ ಬೊಂಡ ಕುಡಿದ ಹಾಗೆ. ಫೀಡ್ ಪಂಪ್ ದಾಟಿದ ಮೇಲೆ, ಅಂದರೆ ಫಿಲ್ಟರ್ ಮತ್ತು ಪಂಪಿನ ಗ್ಯಾಲರಿಯಲ್ಲಿ (ಪಂಪಿನೊಳಗೆ ಡೀಸೆಲ್ ತುಂಬಿ ನಿಲ್ಲುವ ಜಾಗ), ಒತ್ತಡ ಇರ್ತದೆ. ಅಲ್ಲಿ ಲೀಕಾದರೆ ಒದ್ದೆ ಕಾಣಲೇಬೇಕು. ಹಾಗಾಗಿ ನಿಮಗೆ ನೋಡಲಿಕ್ಕೆ ಇರುವುದು ಹೆಚ್ಚಾಗಿ ಟ್ಯಾಂಕಿನ ಬದಿಯೇ. ಮೂತಿ ಮೇಲೆ ಇರುವಾಗ ರಾತ್ರಿಯಿಡೀ ಪೈಪಿನ ಡೀಸೆಲ್ ಆ ಬಿರುಕಿನಿಂದ ಗಾಳಿ ತೆಗೆದುಕೊಂಡು ಟ್ಯಾಂಕಿಗೆ ಇಳಿದುಹೋಗ್ತದೆ. ಬೆಳಿಗ್ಗಿನ ಒದ್ದಾಟ ಅದೇ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಐದು ಲೀಟರ್ ಕ್ಯಾನಿನಲ್ಲಿ ಸೋಸಿದ ಡೀಸೆಲ್ ಹಾಕಿ ಬಾನೆಟ್ಟಿನ ಪಕ್ಕ, ಫೀಡ್ ಪಂಪಿಗಿಂತ ಎತ್ತರದಲ್ಲಿ ಗಟ್ಟಿ ಕಟ್ಟಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಿಗೆ ಬೇಡ, ಫ್ಯಾನ್ ಬೆಲ್ಟಿನಿಂದಲೂ ದೂರ ಇರಲಿ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪ್ ಬಿಡಿಸಿ, ಆ ಜಾಗಕ್ಕೆ 8 ಎಂಎಂ ಪಾರದರ್ಶಕ ಪೈಪ್ ಹಾಕಿ ಕ್ಯಾನಿಗೆ ಇಳಿಸಿ, ಕ್ಲಿಪ್ ಬಿಗಿ ಮಾಡಿ. ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗಿ ಟ್ಯಾಂಕ್ ತುಂಬ್ತದೆ. ಕ್ಯಾನಿನ ಮುಚ್ಚಳಕ್ಕೆ ಗಾಳಿ ಹೋಗಲಿಕ್ಕೆ ಸಣ್ಣ ತೂತು ಇರಲಿ. ಏರ್ ತೆಗೆದು, ಅದೇ ಲೋಡು ಹಾಕಿ ಅದೇ ಗುಡ್ಡೆ ಹತ್ತಿಸಿ. ಸಲೀಸಾಗಿ ಹತ್ತಿದರೆ ತೊಂದರೆ ಟ್ಯಾಂಕಿಂದ ಫೀಡ್ ಪಂಪಿನ ನಡುವೆ. ಆಗಲೂ ನಿಂತರೆ ಫೀಡ್ ಪಂಪ್ ಅಥವಾ ಅದರ ಮುಂದಿನದ್ದು.

ಹತ್ತಿಸುವಾಗ ಹಿಂದೆ ಒಬ್ಬರನ್ನು ಕೂರಿಸಿ ಹೊಗೆ ನೋಡಲಿಕ್ಕೆ ಹೇಳಿ. ಹೊಗೆ ಇಲ್ಲದೆಯೇ ಪಿಕಪ್ ಹೋಗುವುದು ಡೀಸೆಲ್ ಸಾಲದ ಲಕ್ಷಣ. ಬಿಳಿ ಹೊಗೆ ಉಗುಳಿ ತಡೆ ತಡೆದು ಓಡಿದರೆ ಏರ್ ಅಥವಾ ನೀರು. ಕಪ್ಪು ಹೊಗೆ ಬಂದರೆ ಈ ಇಡೀ ಚರ್ಚೆಯೇ ಬೇಡ, ಏರ್ ಫಿಲ್ಟರ್ ಮತ್ತು ನಾಝಲ್ ನೋಡಿ.

ಇನ್ನೊಂದು ಪ್ರಶ್ನೆ: ಪಂಪ್ ಯಾವುದು? ಇಷ್ಟು ಹಳೆಯ ಗಾಡಿಗಳಲ್ಲಿ ಯಾರಾದರೂ ಬದಲಿಸಿರುವ ಸಾಧ್ಯತೆ ಜಾಸ್ತಿ. ನಾಲ್ಕು ನಾಝಲ್ ಪೈಪುಗಳು ಸಾಲಾಗಿ ಮೇಲಿನಿಂದ ಹೊರಟರೆ ಇನ್‌ಲೈನ್, ಒಂದೇ ತಲೆಯ ಸುತ್ತ ಉರುಟಾಗಿ ಹೊರಟರೆ ರೋಟರಿ.

ಘಾಟಿ ಪಾಣತ್ತೂರು:

ಅವರು ಹೇಳಿದ್ದು ಸರಿ. ಆದರೆ ಕ್ಯಾನ್ ಕಟ್ಟುವ ಮೊದಲು ಎರಡು ನಿಮಿಷದ ಕೆಲಸ ಎರಡು ಉಂಟು.

ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಗುಡ್ಡೆ ಹತ್ತಿಸಿ ನೋಡಿ. ಮುಚ್ಚಳದ ಗಾಳಿ ತೂತಿಗೆ ಮಣ್ಣು ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತ ಆಗಿ ಡೀಸೆಲ್ ಎಳೆಯುವುದೇ ಇಲ್ಲ. ನಿಂತ ಕೂಡಲೇ ಮುಚ್ಚಳ ತೆಗೆಯುವಾಗ ಬುಸ್ ಅಂತ ಗಾಳಿ ಒಳಗೆ ಎಳೆದರೆ ಕಾರಣ ಅಲ್ಲೇ ಉಂಟು. ನಮ್ಮ ಕೆಂಪು ಮಣ್ಣಿನ ರಸ್ತೆಯ ಧೂಳು ಡೀಸೆಲ್ ಪಸೆಗೆ ಹಿಡಿದು ಸಿಮೆಂಟಿನಷ್ಟು ಗಟ್ಟಿಯಾಗಿರ್ತದೆ, ಊದಿದರೆ ಹೋಗುವುದಿಲ್ಲ, ಸಪೂರ ತಂತಿ ಹಾಕಬೇಕು.

ಎರಡನೆಯದು ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್. ಡ್ಯಾಶಿನಲ್ಲಿ ನಾಬ್ ಪೂರ್ತಿ ಒಳಗೆ ಹೋದರೂ ಪಂಪಿನ ಲಿವರ್ ಪೂರ್ತಿ ಹಿಂದೆ ಬರದೆ ಇರಬಹುದು. ಕೇಬಲ್ ತುಕ್ಕು ಹಿಡಿದರೆ ಹೀಗಾಗ್ತದೆ, ಆಗ ಫುಲ್ ಡೀಸೆಲ್ ಸಿಗುವುದಿಲ್ಲ. ಕೈಯಿಂದ ಲಿವರ್ ತಳ್ಳಿ ನೋಡಿ, ಇನ್ನೂ ಹಿಂದೆ ಹೋದರೆ ಕೇಬಲ್ ಬದಲಿಸಿ. ನಿಮ್ಮ ಗಾಡಿಯ ತೊಂದರೆ ಇದೇ ಅಂತ ಅಲ್ಲ, ಪ್ರೈಮರ್ ಹೊಡೆದರೆ ಇದು ಸರಿಯಾಗಲಿಕ್ಕಿಲ್ಲ. ಆದರೂ ಡೀಸೆಲ್ ಲೈನಿಗೆ ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸುವ ವ್ಯವಸ್ಥೆ ಸರಿ ಇರಬೇಕು. ಇಂಥ ಎಂಜಿನ್ ಕೀ ತೆಗೆದರೆ ನಿಲ್ಲುವುದಿಲ್ಲ.

ಕುಂಬಳೆ ನಾಝಲ್:

ಮಳೆಗಾಲ ಮುಗಿದ ಮೇಲೆ ಶುರುವಾದದ್ದಾ? ಕೇಳುವುದು ಯಾಕೆಂದರೆ, ವರ್ಷಕ್ಕೆ 3500 ಮಿಮೀ ಆಸುಪಾಸು ಮಳೆ ಬೀಳುವ ಊರಲ್ಲಿ ಅರ್ಧ ಟ್ಯಾಂಕಿನಲ್ಲಿ ಗಾಡಿ ಕೊಟ್ಟಿಗೆಯಲ್ಲಿ ನಿಂತರೆ ಖಾಲಿ ಜಾಗದ ತೇವ ತಗಡಿಗೆ ಬೆವರಿ ತಳಕ್ಕೆ ನೀರಾಗಿ ಇಳೀತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಕಪ್ಪು ಲೋಳೆ ಬೆಳೀತದೆ. ಅದು ಸೂಕ್ಷ್ಮಜೀವಿ, ಕೆಸರು ಅಲ್ಲ. ಹೊಸ ಫಿಲ್ಟರ್ ಹಾಕಿದರೂ ಸ್ವಲ್ಪ ದಿನಕ್ಕೇ ಅದನ್ನು ಮುಚ್ಚಿಬಿಡ್ತದೆ.

ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗ್ಲಾಸಿಗೆ ಸ್ವಲ್ಪ ಬಿಡಿ, ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆ ಪದರ ನಿಲ್ತದೆ. ಟ್ಯಾಂಕಿನ ಡ್ರೈನ್ ಬೋಲ್ಟಿನಿಂದಲೂ ಹೀಗೆ ನೋಡಿ. ತುಕ್ಕಿನ ಹುಡಿ ಅಥವಾ ಲೋಳೆ ಬಂದರೆ ಟ್ಯಾಂಕ್ ಇಳಿಸಿ ತೊಳೆಯುವುದೇ ದಾರಿ. ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಬೇಡ. ಖಾಲಿಯಾಗಿ ಕಂಡರೂ ಆವಿ ಉಳಿದಿರ್ತದೆ, ಡೀಸೆಲ್ ಅಂತ ಉದಾಸೀನ ಮಾಡಿದರೆ ಸಿಡೀತದೆ.

ಯಾರಾದರೂ ಡೀಸೆಲಿಗೆ ಟೂ ಸ್ಟ್ರೋಕ್ ಆಯಿಲ್ ಸೇರಿಸಿ ಅಂದರೆ ಕೇಳಬೇಡಿ. 2020ರ ಏಪ್ರಿಲ್‌ನಿಂದ ಬರುವ ಬಿಎಸ್6 (ಹೊಗೆ ಮಾಲಿನ್ಯ ಕಡಿಮೆ ಮಾಡುವ ಹೊಸ ಮಟ್ಟ) ಡೀಸೆಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದದ್ದು ಹೌದು, ಆದರೆ ಪಂಪಿಗೆ ಬೇಕಾದ ಜಾರುವಿಕೆಗೆ ಕಂಪೆನಿಯವರೇ ಮದ್ದು ಸೇರಿಸಿರ್ತಾರೆ. ಹಳೇ ಗಾಡಿಗೆ ಹೊಸ ಡೀಸೆಲಿನಿಂದ ಬರುವ ತಲೆನೋವು ರಬ್ಬರಿನದ್ದು: ಹಳೇ ಡೀಸೆಲಿನಲ್ಲಿ ಉಬ್ಬಿ ಕೂತಿದ್ದ ಸೀಲು, ಒ-ರಿಂಗುಗಳು ಕುಗ್ಗಿ ಸಡಿಲ ಆಗ್ತವೆ.

ಏತಡ್ಕ ಜೀಪು:

ಎಲ್ಲರಿಗೂ ಉಪಕಾರ. ಪಂಪ್ ಇನ್‌ಲೈನ್, ಫೀಡ್ ಪಂಪ್ ಅದರ ಮೈಗೇ ಕೂತದ್ದು. ಮುಚ್ಚಳ ಸಡಿಲಿಸಿದರೂ ವ್ಯತ್ಯಾಸ ಇಲ್ಲ. ಸ್ಟಾಪ್ ಲಿವರ್ ಪೂರ್ತಿ ಹಿಂದೆ ಬರ್ತದೆ. ಗ್ಲಾಸಿನಲ್ಲಿ ನೀರಿಲ್ಲ, ಸ್ವಲ್ಪ ತುಕ್ಕಿನ ಹುಡಿ ಮಾತ್ರ. ಕ್ಯಾನ್ ಕಟ್ಟಿದಾಗ ಅದೇ ಲೋಡಲ್ಲಿ ಮೇಲಿನವರೆಗೆ ಒಮ್ಮೆಯೂ ನಿಲ್ಲದೆ ಹತ್ತಿತು. ವಾಪಸ್ ಟ್ಯಾಂಕಿನ ಪೈಪ್ ಕೊಟ್ಟು, ಫೀಡ್ ಪಂಪಿನ ಬಾಯಿಗೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿದರೆ ರೇಸ್ ಕೊಡುವಾಗ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳ ಸಾಲು. ಹೊಗೆ ಇಲ್ಲ.

ಮುಳ್ಳೇರಿಯ ಡೀಸೆಲ್:

ಹಾಗಾದರೆ ಪಂಪ್ ಬಿಟ್ಟುಬಿಡಿ. ಏರ್ ಎಲ್ಲಿ ಎಂಬುದೊಂದೇ ಪ್ರಶ್ನೆ. ಒಂದು ಸಂಶಯ ಮೊದಲು ನಿವಾರಿಸಿಕೊಳ್ಳಿ: ಆ ಪಾರದರ್ಶಕ ಪೈಪಿನ ಕ್ಲಿಪ್ಪಿನಿಂದಲೇ ಗಾಳಿ ಹೋಗಿ ಗುಳ್ಳೆ ಬರಬಹುದು, ಅದನ್ನು ಬಿಗಿ ಮಾಡಿ ಪುನಃ ನೋಡಿ.

ಮತ್ತೆ ಟ್ಯಾಂಕ್ ಪೂರ್ತಿ ತುಂಬಿಸಿ ಓಡಿಸಿ. ಗುಳ್ಳೆ ಮಾಯವಾದರೆ ತೂತು ಟ್ಯಾಂಕಿನೊಳಗಿನ ಎಳೆಯುವ ಕೊಳವೆಯಲ್ಲೇ ಇರುವ ಸಂಭವ ಜಾಸ್ತಿ. ತುಕ್ಕಿನಿಂದ ಕೊಳವೆಯ ಮಧ್ಯಭಾಗದಲ್ಲಿ ಸೂಜಿ ತೂತು ಬಿದ್ದಿರ್ತದೆ. ಡೀಸೆಲ್ ಅದಕ್ಕಿಂತ ಮೇಲೆ ಇರುವವರೆಗೆ ಎಂತದ್ದೂ ಆಗುವುದಿಲ್ಲ, ಮಟ್ಟ ಇಳಿದಾಗ ಅಥವಾ ಏರಿನಲ್ಲಿ ಡೀಸೆಲ್ ಒಂದು ಬದಿಗೆ ಸರಿದಾಗ ತೂತು ಗಾಳಿಗೆ ತೆರೆದುಕೊಳ್ತದೆ. ನಿಮ್ಮ ತುಕ್ಕಿನ ಹುಡಿ ನೋಡಿದರೆ ನನ್ನ ಗುಮಾನಿ ಇದರ ಮೇಲೆಯೇ. ಕೊಳವೆಯನ್ನು ಟ್ಯಾಂಕಿನಿಂದ ಹೊರಗೆ ತೆಗೆದು, ಒಂದು ತುದಿ ಬೆರಳಿನಿಂದ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿ. ತೂತಿದ್ದರೆ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ. ತುದಿಯ ಜಾಲರಿಯನ್ನೂ ತೊಳೆಯಿರಿ.

ತುಂಬಿದ ಟ್ಯಾಂಕಿನಲ್ಲೂ ಗುಳ್ಳೆ ಬಂದರೆ ಚಾಸಿಯ ಉದ್ದಕ್ಕೂ ಹೋಗುವ ಲೈನು. ಕ್ಲಿಪ್ ಕೂತ ಜಾಗಗಳಲ್ಲಿ ಕಬ್ಬಿಣದ ಪೈಪ್ ಉಜ್ಜಿ ಸವೆದಿರ್ತದೆ, ಕ್ಲಿಪ್ ಬಿಚ್ಚದೆ ಅದು ಕಾಣುವುದಿಲ್ಲ. ಎಂಜಿನಿಗೂ ಚಾಸಿಗೂ ನಡುವಿನ ರಬ್ಬರ್ ಹೋಸನ್ನು ಮಡಚಿ ನೋಡಿ, ಹೊರಗೆ ಚಂದ ಇದ್ದು ಮಡಚಿದಲ್ಲಿ ಬಿರುಕು ಬಾಯಿ ಬಿಟ್ಟರೆ ಬಿಸಾಡಿ. ಲೈನಿನ ಎರಡೂ ತುದಿ ಬಿಡಿಸಿ, ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಅರ್ಧ ಬಾರ್ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದರೆ ಜಾಗ ಗೊತ್ತಾಗ್ತದೆ. ಟ್ಯಾಂಕಿಗೆ ಸೇರಿಸಿ ಗಾಳಿ ಕೊಡಬೇಡಿ, ತೆಳು ತಗಡು ಉಬ್ಬಿ ಹೊಲಿಗೆ ಬಿಡ್ತದೆ. ಹೊಸ ಹೋಸು ಡೀಸೆಲಿಗೆ ಆಗುವಂಥದ್ದೇ ಇರಲಿ. ಪರೀಕ್ಷೆಗೆ ಹಾಕಿದ ಪಾರದರ್ಶಕ ಪೈಪನ್ನು ಹಾಗೆಯೇ ಬಿಟ್ಟರೆ ಬಿಸಿಗೆ ಗಟ್ಟಿಯಾಗಿ ಕ್ಲಿಪ್ಪಿನ ಹತ್ತಿರ ಸೀಳ್ತದೆ.

ಫೀಡ್ ಪಂಪಿನ ಕೆಳಗೆ ಬೋಲ್ ಇದ್ದರೆ ಅದರೊಳಗಿನ ಜಾಲರಿಯನ್ನು ಈಗಲೇ ತೊಳೆಯಿರಿ, ತುಕ್ಕು ಮೊದಲು ಸಿಕ್ಕಿಹಾಕಿಕೊಳ್ಳುವುದು ಅಲ್ಲಿ. ಬೋಲಿನ ರಬ್ಬರ್ ರಿಂಗ್ ಹೊಸತು ಹಾಕಿ, ಅದೂ ಎಳೆತದ ಬದಿಯೇ. ಬ್ಯಾಂಜೋ ಬೋಲ್ಟಿನ (ಡೀಸೆಲ್ ಹೋಗಲಿಕ್ಕೆ ಒಳಗೆ ತೂತಿರುವ ಬೋಲ್ಟು) ಕಾಪರ್ ವಾಷರ್ ಬಿಚ್ಚಿದ ಮೇಲೆ ಹೊಸತೇ ಹಾಕಬೇಕು. ಸಿಗದಿದ್ದರೆ ಹಳತನ್ನು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮೆತ್ತಗಾಗ್ತದೆ.

ಘಾಟಿ ಪಾಣತ್ತೂರು:

ಏರ್ ತೆಗೆಯುವ ಕ್ರಮ ತಪ್ಪಿಸಬೇಡಿ: ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಮತ್ತೆ ಪಂಪಿನ ಗ್ಯಾಲರಿಯ ಸ್ಕ್ರೂ. ನೊರೆ ಹೋಗಿ ಡೀಸೆಲ್ ಒಂದೇ ಧಾರೆ ಬರುವವರೆಗೆ ಪ್ರೈಮರ್ ಹೊಡೆದು, ಹೊಡೆಯುತ್ತಾ ಇರುವಾಗಲೇ ಸ್ಕ್ರೂ ಬಿಗಿ ಮಾಡಿ. ಕಡೆಗೆ ನಾಝಲ್ ಬದಿಯ ಪೈಪ್ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಹಾಗೆ ಒಂದೊಂದಾಗಿ ಬಿಗಿ ಮಾಡ್ತಾ ಹೋಗಿ. ಆ ಚಿಮ್ಮುವ ಜಾಗಕ್ಕೆ ಬರಿಗೈ ಇಡಬೇಡಿ, ಚರ್ಮ ತೂರಿ ಒಳಗೆ ಹೋದರೆ ಆಸ್ಪತ್ರೆ ಕೇಸು.

ಮುಗಿದ ಮೇಲೆ ಪ್ರೈಮರಿನ ತಲೆ ಕೆಳಗೆ ಒತ್ತಿ ಪೂರ್ತಿ ತಿರುಗಿಸಿ ಬಿಗಿ ಮಾಡಿದ್ದೀರಾ ನೋಡಿ. ಅದು ಸಡಿಲ ಉಳಿದರೆ ಅಲ್ಲಿಂದಲೇ ಏರ್ ಎಳೀತದೆ, ಮತ್ತೆ ಮೊದಲಿನಿಂದ ಹುಡುಕಲಿಕ್ಕೆ ಶುರು ಮಾಡಬೇಕಾಗ್ತದೆ.