ಕನ್ನಡ ಕಾದಂಬರಿಗೆ ಲಿಟರರಿ ಏಜೆಂಟ್ ಹುಡುಕುವುದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ಕಾದಂಬರಿ 2021ರಲ್ಲಿ ಕನ್ನಡದಲ್ಲಿ ಬಂದಿದೆ, ಸುಮಾರು 58,000 ಪದ. ಇಂಗ್ಲಿಷಿಗೆ ತರಲು ಅನುವಾದಕಿಯೊಬ್ಬರು ಒಪ್ಪಿದ್ದಾರೆ. ಕತೆ ಬಿಗಿಯಾಗುವ ಕಡೆಯಿಂದ, ಅಂದರೆ ನಡುವಿನಿಂದ, ಎರಡು ಅಧ್ಯಾಯ ಮಾಡಿಯೂ ಕೊಟ್ಟಿದ್ದಾರೆ. ಕನ್ನಡದಲ್ಲಿ ಹಸ್ತಪ್ರತಿ ನೇರ ಪ್ರಕಾಶಕರ ಕೈಗೆ ಹೋಗುತ್ತದೆ, ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕದ ಹಕ್ಕು ಮಾರಿಕೊಡುವ ಏಜೆಂಟರ ಪದ್ಧತಿಯೇ ಇಲ್ಲ. ಹಾಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ: ಭಾರತದ ಇಂಗ್ಲಿಷ್ ಪ್ರಕಾಶಕರಿಗೆ ಏಜೆಂಟ್ ಬೇಕೇ ಬೇಕೆ? ಮೊದಲ ಪತ್ರದ ಜೊತೆ ಏನೇನು ಕಳಿಸಬೇಕು? ಒಂದು ಸಂಸ್ಥೆ ಹಸ್ತಪ್ರತಿ ಓದುವುದಕ್ಕೇ ಶುಲ್ಕ ಕೇಳಿದೆ, ಇದು ವಾಡಿಕೆಯೆ?

ಹಾಳೆಮಡಿಕೆ:
ಶುಲ್ಕದ ವಿಷಯ ಮೊದಲು: ಕೊಡಬೇಡಿ. ಏಜೆಂಟರ ಸಂಪಾದನೆ ಪುಸ್ತಕ ಮಾರಾಟವಾದ ಮೇಲೆ ಬರುವ ಕಮಿಷನ್ ಮಾತ್ರ. ಸಾಮಾನ್ಯವಾಗಿ ತಮ್ಮ ದೇಶದ ಒಪ್ಪಂದಕ್ಕೆ ಶೇ. 15, ಹೊರದೇಶದ್ದಕ್ಕೆ ಶೇ. 20. ಅಮೆರಿಕದ ಏಜೆಂಟರ ಸಂಘ ತನ್ನ ಸದಸ್ಯರು ಓದುವ ಶುಲ್ಕ ಪಡೆಯುವುದನ್ನು ನಿಷೇಧಿಸಿದೆ. ಹೆಸರಾಂತ ಏಜೆಂಟರ ಹೆಸರಿನಲ್ಲಿ ಜಿಮೇಲ್ ವಿಳಾಸದಿಂದ ಪತ್ರ ಬರೆದು ಹಣ ಕೀಳುವವರೂ ಇದ್ದಾರೆ. ನೀವು ಬರೆಯದೆಯೇ ಹೊಗಳಿಕೆಯ ಪತ್ರ ಬಂದರೆ ಏಜೆನ್ಸಿಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು ವಿಚಾರಿಸಿ. ರೈಟರ್ ಬಿವೇರ್ ತಾಣದಲ್ಲಿ ಇಂಥ ಮೋಸಗಳ ವಿವರ ಸಿಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಅನುವಾದದ ಹಕ್ಕು ಈಗ ಯಾರ ಬಳಿ ಇದೆ ಎಂಬುದು. ಏಜೆಂಟ್ ಮಾರುವುದು ಹಕ್ಕನ್ನು. 2021ರ ಒಪ್ಪಂದಪತ್ರ ತೆಗೆದು ಓದಿ. ಬರಹದ ಒಪ್ಪಂದವೇ ಆಗಿಲ್ಲದಿದ್ದರೆ ಹಕ್ಕು ನಿಮ್ಮದೇ, ಏಕೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆದಿಲ್ಲವೆಂದರೆ ಐದು ವರ್ಷ, ಪ್ರದೇಶ ಬರೆದಿಲ್ಲವೆಂದರೆ ಭಾರತ ಮಾತ್ರ. ವರ್ಗಾಯಿಸಿದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ. 'ಅನುವಾದ, ಚಲನಚಿತ್ರ ಸೇರಿ ಸಮಸ್ತ ಹಕ್ಕು ಪ್ರಕಾಶಕರದು' ಎಂಬ ಸಾಲು ಕಂಡರೆ ಜಗಳಕ್ಕೆ ಹೋಗದೆ ಪ್ರಕಾಶಕರಿಂದ ಲೆಟರ್‌ಹೆಡ್‌ನಲ್ಲಿ ಪತ್ರ ಪಡೆಯಿರಿ: ಪುಸ್ತಕದ ಹೆಸರು, ವರ್ಷ, ಕನ್ನಡ ಬಿಟ್ಟು ಉಳಿದೆಲ್ಲ ಭಾಷೆಯ ಅನುವಾದದ ಹಕ್ಕು ಲೇಖಕರದು ಎಂಬ ಒಂದು ವಾಕ್ಯ, ಸಹಿ, ತಾರೀಕು. ಎಲ್ಲ ಮುಗಿದು ಸಹಿಯ ಹಂತದಲ್ಲಿ ಈ ಒಂದು ಹಾಳೆ ಇಲ್ಲದೆ ಒಪ್ಪಂದ ನಿಂತುಹೋಗಬಹುದು.

ಅನುವಾದಕಿಯ ಜೊತೆಗೂ ಬರಹದ ಒಪ್ಪಂದ ಬೇಕು. ಮಾದರಿ ಅನುವಾದಕ್ಕೆ ಸಂಭಾವನೆ ಎಷ್ಟು, ರಾಯಲ್ಟಿಯಲ್ಲಿ ಪಾಲೆಷ್ಟು, ಮುಖಪುಟದಲ್ಲಿ ಅವರ ಹೆಸರು ಇರುತ್ತದೆಯೆ, ಪ್ರಕಾಶಕರು ಬೇರೆ ಅನುವಾದಕರನ್ನು ಕೇಳಿದರೆ ಏನು. ಇಂಗ್ಲಿಷ್ ಪಠ್ಯದ ಕೃತಿಸ್ವಾಮ್ಯ ಅವರದೇ ಆಗಿರುತ್ತದೆ, ಅದನ್ನು ಗೌರವಿಸಿಯೇ ಬರೆಯಿರಿ.

ಭಾರತದ ಮಟ್ಟಿಗೆ ಏಜೆಂಟ್ ಕಡ್ಡಾಯವಲ್ಲ, ಅನುವಾದ ಪ್ರಕಟಿಸುವ ಎಷ್ಟೋ ಸಂಪಾದಕರು ನೇರವಾಗಿ ಬಂದದ್ದನ್ನೂ ನೋಡುತ್ತಾರೆ. ಆದರೆ ಇಲ್ಲೊಂದು ದೊಡ್ಡ ಗುಂಡಿ ಇದೆ. ಇಲ್ಲಿನ ಪ್ರಕಾಶಕರಿಗೆ 'ವಿಶ್ವದಾದ್ಯಂತ ಇಂಗ್ಲಿಷ್ ಹಕ್ಕು' ಬರೆದುಕೊಟ್ಟರೆ ಆಮೇಲೆ ಲಂಡನ್ನಿನ ಏಜೆಂಟರಿಗೆ ಮಾರಲು ಏನೂ ಉಳಿಯುವುದಿಲ್ಲ. ಭಾರತ ಉಪಖಂಡದ ಹಕ್ಕು ಮಾತ್ರ ಕೊಡಿ. ಇಂಟರ್‌ನ್ಯಾಷನಲ್ ಬೂಕರ್‌ಗೆ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕವೇ ಅರ್ಹ, 2025ರಲ್ಲಿ ಗೆದ್ದ 'ಹಾರ್ಟ್ ಲ್ಯಾಂಪ್' ಕೂಡ ಬ್ರಿಟಿಷ್ ಪ್ರಕಾಶನದ್ದೇ.

ಎರಡನೇ ಕರಡು:
ಮೇಲಿನವರು ಹಕ್ಕಿನ ಬಗ್ಗೆ ಹೇಳಿದ್ದಕ್ಕೆ ಪೂರ್ಣ ಸಹಮತ. ನಾನು ಕಳಿಸುವ ಕಡತದ ಬಗ್ಗೆ ಬರೆಯುತ್ತೇನೆ.

ನಡುವಿನ ಅಧ್ಯಾಯ ಕಳಿಸಬೇಡಿ. ಏಜೆಂಟ್ ನೋಡುವುದು ಓದುಗ ಮೊದಲ ಪುಟದಿಂದ ಒಳಗೆ ಬರುತ್ತಾನೋ ಇಲ್ಲವೋ ಎಂದು. ಆರಂಭದಿಂದಲೇ ಮೂರು ಅಧ್ಯಾಯ ಅಥವಾ 8,000–10,000 ಪದ ಮಾಡಿಸಿ. ಆ ಎರಡು ಅಧ್ಯಾಯ ವ್ಯರ್ಥವಾಗುವುದಿಲ್ಲ, ಇನ್ನಷ್ಟು ಕಳಿಸಿ ಎಂದಾಗ ಕೈಯಲ್ಲಿರುತ್ತವೆ. ಮಾದರಿಯ ಖರ್ಚಿಗೆ ಇಂಗ್ಲಿಷ್ ಪೆನ್ ಸಂಸ್ಥೆಯ 'ಪೆನ್ ಪ್ರೆಸೆಂಟ್ಸ್' ಯೋಜನೆ ಇದೆ. ಅರ್ಜಿ ಹಾಕಬೇಕಾದವರು ಅನುವಾದಕರು, ಕರೆ ಹೊರಟಾಗ ಅವರಿಗೆ ತಿಳಿಸಿ.

ಸಾರಾಂಶ ಒಂದು ಪುಟ, ಹೆಚ್ಚೆಂದರೆ 500 ಪದ, ಅಂತ್ಯವೂ ಸೇರಿ. ಬೆನ್ನುಡಿಯಂತೆ ಕುತೂಹಲ ಉಳಿಸಿ ನಿಲ್ಲಿಸಿದರೆ ಕತೆ ಕೊನೆಗೆ ನಿಲ್ಲುತ್ತದೆಯೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಪತ್ರ 300 ಪದದೊಳಗೆ. ಯಾರ ಕತೆ, ಅವರಿಗೆ ಏನು ಬೇಕು, ಏನು ಅಡ್ಡ ಬಂದಿದೆ: ಇದಕ್ಕೆ ಅರ್ಧ ಪತ್ರ ಮೀಸಲಿಡಿ. ಕಳೆದ ಐದು ವರ್ಷದಲ್ಲಿ ಇಂಗ್ಲಿಷಿನಲ್ಲಿ ಬಂದ, ನಿಮ್ಮದಕ್ಕೆ ಹತ್ತಿರದ ಎರಡು ಪುಸ್ತಕ ಹೆಸರಿಸಿ. ಅವು ಪುಸ್ತಕವನ್ನು ಅಂಗಡಿಯ ಯಾವ ಕಪಾಟಿನಲ್ಲಿಡಬಹುದು ಎಂದು ತೋರಿಸುತ್ತವೆ. ಜ್ಞಾನಪೀಠ ಪುರಸ್ಕೃತರಿಗೆ ಹೋಲಿಸಿಕೊಳ್ಳುವುದು ಬೇಡ. ಪ್ರಶಸ್ತಿ ಬಂದಿದ್ದರೆ ಅದು ಯಾರು ಕೊಡುವ ಪ್ರಶಸ್ತಿ ಎಂದು ಒಂದು ಸಾಲು ಸೇರಿಸಿ, ಹೊರಗಿನವರಿಗೆ ಬರಿ ಹೆಸರಿನಿಂದ ಏನೂ ತಿಳಿಯದು.

ಪದಸಂಖ್ಯೆ ಇಂಗ್ಲಿಷಿನದೇ ಕೊಡಿ. ನಮ್ಮ ವಿಭಕ್ತಿ, ಸಂಧಿ, ಸಮಾಸಗಳೆಲ್ಲ ಅಲ್ಲಿ ಬಿಡಿ ಪದಗಳಾಗುತ್ತವೆ. ಮಾದರಿಯಲ್ಲಿ ಕನ್ನಡದ 4,000 ಪದ ಇಂಗ್ಲಿಷಿನಲ್ಲಿ 6,000 ಆಗಿದ್ದರೆ, ಅದೇ ಲೆಕ್ಕದಲ್ಲಿ ನಿಮ್ಮ 58,000 ಪದ 87,000 ಆಗುತ್ತದೆ. 58,000 ಎಂದೇ ಬರೆದರೆ ತೀರಾ ಚಿಕ್ಕ ಕಾದಂಬರಿ ಅಂದುಕೊಳ್ಳುತ್ತಾರೆ.

ಪ್ರತಿ ಏಜೆನ್ಸಿಯ ಸೂಚನೆ ಬೇರೆ. ಅಮೆರಿಕದ ಹಲವರು ಲಗತ್ತು ತೆರೆಯುವುದಿಲ್ಲ, ಪುಟಗಳನ್ನು ಮೇಲ್‌ನ ಒಳಗೇ ಅಂಟಿಸಬೇಕು ಅಥವಾ ಕ್ವೆರಿಮ್ಯಾನೇಜರ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು. ಬ್ರಿಟನ್ನಿನಲ್ಲಿ ವರ್ಡ್ ಕಡತ ಕೇಳುವವರು ಹೆಚ್ಚು. ಕನ್ನಡ ಮೂಲ ಕೇಳಿದರೆ ಪಿಡಿಎಫ್ ಕೊಡಿ. 'ನುಡಿ' ತಂತ್ರಾಂಶದಲ್ಲಿ ಹಳೆಯ ಆಸ್ಕಿ ಫಾಂಟಿನಿಂದ ಟೈಪ್ ಮಾಡಿದ ವರ್ಡ್ ಕಡತ ಅವರ ಯಂತ್ರದಲ್ಲಿ ಬರಿ ಗೀಚು ಗೀಚಾಗಿ ಕಾಣುತ್ತದೆ.

ತುಂಗಾತೀರ:
ಇಬ್ಬರಿಗೂ ತುಂಬಾ ಧನ್ಯವಾದ. ಒಂದೇ ಸಲ ಎಷ್ಟು ಜನರಿಗೆ ಕಳಿಸಬಹುದು? ಯಾರಾದರೂ ಒಪ್ಪಿದರೆ ಒಪ್ಪಂದದಲ್ಲಿ ಏನು ನೋಡಬೇಕು?

ಸಾಲುಮರ:
ಆರೇಳು ಜನರಿಗೆ ಕಳಿಸಿ, ಎಂಟರಿಂದ ಹನ್ನೆರಡು ವಾರ ಕಾಯಿರಿ. ಯಾರೂ ಮಾದರಿಗಿಂತ ಹೆಚ್ಚು ಕೇಳಲಿಲ್ಲವೆಂದರೆ ತೊಡಕು ಪತ್ರದಲ್ಲಿ ಅಥವಾ ಮೊದಲ ಪುಟಗಳಲ್ಲಿದೆ, ತಿದ್ದಿ ಮುಂದಿನ ಕಂತು ಕಳಿಸಿ. ಪೂರ್ತಿ ತರಿಸಿಕೊಂಡು ಬೇಡವೆಂದರೆ ನೋಡಬೇಕಾದದ್ದು ಕಾದಂಬರಿಯ ನಡುಭಾಗವನ್ನೋ ಅನುವಾದವನ್ನೋ. ಎಲ್ಲರಿಗೂ ಒಟ್ಟಿಗೆ ಕಳಿಸಿಬಿಟ್ಟರೆ ಈ ತಿದ್ದುಪಡಿಗೆ ಅವಕಾಶವೇ ಉಳಿಯದು. ಒಂದೇ ಏಜೆನ್ಸಿಯ ಇಬ್ಬರಿಗೆ ಏಕಕಾಲಕ್ಕೆ ಬರೆಯಬೇಡಿ. ಒಬ್ಬರು ಒಪ್ಪಿದರೆ ಉಳಿದವರಿಗೆ ತಿಳಿಸಿ ಎರಡು ವಾರದ ಸಮಯ ಕೊಡುವುದು ರೂಢಿ.

ದೇಶದೊಳಗೆ ದೆಹಲಿಯ ರೈಟರ್ಸ್ ಸೈಡ್, ಜೈಪುರದ ಸಿಯಾಹಿ, 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಕರಂಡಾ ತಾಣಗಳನ್ನು ನೋಡಿ. ಹೊರಗಿನವರಿಗಾಗಿ, ನಿಮಗೆ ಇಷ್ಟವಾದ ಅನುವಾದಿತ ಕಾದಂಬರಿಗಳ ಕೃತಜ್ಞತೆಯ ಪುಟ ಓದಿ. ಏಜೆಂಟರ ಹೆಸರು ಹೆಚ್ಚಾಗಿ ಅಲ್ಲೇ ಇರುತ್ತದೆ, ಅವರಿಗೆ ಅನುವಾದದಲ್ಲಿ ಆಸಕ್ತಿ ಇದೆ ಎಂಬುದಕ್ಕೂ ಅದೇ ಸಾಕ್ಷಿ.

ಒಪ್ಪಂದದಲ್ಲಿ ಈ ಕಾದಂಬರಿ ಮಾತ್ರವೋ ನೀವು ಮುಂದೆ ಬರೆಯುವುದೆಲ್ಲವೋ ನೋಡಿ. ಮೊದಲಿಗೆ ಒಂದೇ ಕೃತಿ ಸಾಕು. ಕನ್ನಡ ಮರುಮುದ್ರಣ ಮತ್ತು ಕನ್ನಡದಿಂದ ಬರುವ ಹಣ ಕಮಿಷನ್ನಿನಿಂದ ಹೊರಗಿರಲಿ. ಸಿನಿಮಾ ಹಕ್ಕು ಅವರ ಕೈಯಲ್ಲಿರಬೇಕೆ ಎಂದು ಪ್ರತ್ಯೇಕವಾಗಿ ನಿರ್ಧರಿಸಿ. ಬಿಡಬೇಕೆಂದರೆ 30 ಅಥವಾ 60 ದಿನದ ನೋಟಿಸ್ ಸಾಕೆಂಬ ಷರತ್ತು ಇರಲಿ. ಬಿಟ್ಟ ಮೇಲೂ ಅವರು ಮಾಡಿಸಿದ ಒಪ್ಪಂದದ ಕಮಿಷನ್ ಅವರಿಗೇ ಹೋಗುತ್ತದೆ, ಅದು ನ್ಯಾಯವೇ.

ಅಮೆರಿಕದಿಂದ ರಾಯಲ್ಟಿ ಬರುವುದಾದರೆ ಅಲ್ಲಿನ ತೆರಿಗೆ ಇಲಾಖೆಯ ಡಬ್ಲ್ಯೂ-8ಬೆನ್ ಫಾರ್ಮಿನಲ್ಲಿ ಪ್ಯಾನ್ ಸಂಖ್ಯೆ ಹಾಕಿ ಮೊದಲೇ ಕೊಟ್ಟುಬಿಡಿ. ಕೊಡದಿದ್ದರೆ ಅಲ್ಲಿ ಶೇ. 30 ಮುರಿದುಕೊಳ್ಳುತ್ತಾರೆ, ಕೊಟ್ಟರೆ ಭಾರತದ ಜೊತೆಗಿನ ತೆರಿಗೆ ಒಪ್ಪಂದದಂತೆ ಶೇ. 15. ಮುರಿದುಕೊಂಡದ್ದರ ಪ್ರಮಾಣಪತ್ರ ತೆಗೆದಿಡಿ, ಇಲ್ಲಿ ತೆರಿಗೆ ಕಟ್ಟುವಾಗ ಅದನ್ನು ವಜಾ ಮಾಡಿಸಿಕೊಳ್ಳಲು ಬೇಕಾಗುತ್ತದೆ.