ರಾಣಿಯರೇ ಮೈತುಂಬ ಉಟ್ಟಾಗ ನಮ್ಮ ಹುಡುಗಿಯರಿಗೆ ಬೆನ್ನಿಲ್ಲದ ಕುಬಸ ಯಾಕೆ?

ಶಹಾಬಾದ್_ಕಲ್ಲು: ಅಕ್ಕನ ಮಗಳ ಲಗ್ನ, ಮೇ ತಿಂಗಳಲ್ಲಿ, ಕಲಬುರಗಿಯಲ್ಲೇ. ಯಾದಿ (ಲಗ್ನದ ಮಾತುಕತೆ ಬರೆದಿಡುವುದು) ಆಯಿತು, ಹಾಲ್ ಸಿಕ್ಕಿತು, ಈಗ ಮನೆಯಲ್ಲಿ ಕುಬಸದ ಜಗಳ. ಹುಡುಗಿ ಟೇಲರ್‌ಗೆ ಮೊಬೈಲ್‌ನಲ್ಲಿ ಫೋಟೊ ತೋರಿಸಿ ಬಂದಿದ್ದಾಳೆ. ಬೆನ್ನು ಸೊಂಟದ ತನಕ ಖಾಲಿ, ಮೇಲೆ ಒಂದು ದಾರ, ದಾರದ ತುದಿಗೆ ಎರಡು ಗೊಂಡೆ. ನಮ್ಮವ್ವ ನೋಡಿ "ಉಳಿದ ಬಟ್ಟೆ ಟೇಲರ್ ಇಟ್ಟುಕೊಂಡನೇನು?" ಅಂದಳು. ನಾನು ಹೇಳುವುದು ಇಷ್ಟೇ. ಇಂಗ್ಲೆಂಡಿನ ರಾಜಮನೆತನದವರೇ ಲಗ್ನದ ದಿನ ಮೈತುಂಬ ಹಾಕುತ್ತಾರೆ. 2011ರಲ್ಲಿ ಕೇಟ್ ಮಿಡಲ್‌ಟನ್ ಮಣಿಕಟ್ಟಿನ ತನಕ ಲೇಸ್ ತೋಳು ಹಾಕಿದ್ದಳು. 1981ರಲ್ಲಿ ಡಯಾನಾಗೆ 25 ಅಡಿ ಸೆರಗು. ಅವರಿಗಿರುವ ಮರ್ಯಾದೆ ನಮಗೆ ಬೇಡವಾ?

ಭೀಮಾ_ದಂಡೆ: "ರಾಜಮನೆತನದವರೇ" ಅಂತೀರಲ್ಲ, ಇಬ್ಬರ ಫೋಟೊ ನೋಡಿ ತೀರ್ಪು ಕೊಟ್ಟಿರಾ? 2018ರ ಅಕ್ಟೋಬರ್‌ನಲ್ಲಿ ವಿಂಡ್ಸರ್‌ನಲ್ಲಿ ಯೂಜಿನಿ ಲಗ್ನ ಆಯಿತು, ಎಲಿಜಬೆತ್ ರಾಣಿಯ ಮೊಮ್ಮಗಳು. ಬೆನ್ನು ತೆರೆದ ಗೌನು. ಮುಸುಕೂ ಇಲ್ಲ. ಚಿಕ್ಕವಳಿದ್ದಾಗ ಬೆನ್ನುಮೂಳೆ ಆಪರೇಷನ್ ಆಗಿತ್ತು, ಆ ಗುರುತು ಕಾಣಲಿ ಅಂತಲೇ ಹಾಗೆ ಹೊಲಿಸಿದಳು. ಅಜ್ಜಿ ಚರ್ಚಿನಲ್ಲೇ ಕೂತಿದ್ದರು, ಎದ್ದು ಹೋಗಲಿಲ್ಲ.

ಶಹಾಬಾದ್_ಕಲ್ಲು: ನಮ್ಮ ಹುಡುಗಿಗೆ ಯಾವ ಆಪರೇಷನ್ನೂ ಆಗಿಲ್ಲ.

ತೊಗರಿ_ಕಣಜ: ಅದೆಲ್ಲ ಇರಲಿ. "25 ಅಡಿ ಸೆರಗು" ಅಂದರಲ್ಲ, ಅದು ಸೆರಗು ಹೇಗಾಗುತ್ತೆ? ಸೆರಗು ಅಂದರೆ ಹೆಗಲ ಮೇಲೆ ಬರಬೇಕು, ತಲೆ ಮೇಲೆ ಹೊದೆಯಬೇಕು, ಕಣ್ಣೀರು ಬಂದರೆ ಒರೆಸಿಕೊಳ್ಳಬೇಕು. ನೆಲ ಗುಡಿಸುತ್ತಾ ಬರುವುದಕ್ಕೆ ಬಾಲ ಅಂತಾರೆ.

ಶಹಾಬಾದ್_ಕಲ್ಲು: ಮದುಮಗಳಿಗೆ ಬಾಲ ಅನ್ನುತ್ತೀರಾ? ಇದೇನಾ ನಿಮ್ಮ ಕನ್ನಡ?

ತೊಗರಿ_ಕಣಜ: ಇಂಗ್ಲಿಷಿನಲ್ಲಿ ಅವರು ಟ್ರೇನ್ ಅನ್ನುತ್ತಾರೆ. ಹಾಗಾದರೆ ರೈಲು ಅನ್ನಲಾ? ವಾಡಿ ಜಂಕ್ಷನ್‌ಗೆ ಬಂದು ನಿಲ್ಲುತ್ತಾ?

ಇಳಕಲ್_ಸೊಸೆ: ನಾನು ಇಳಕಲ್ ಕಡೆಯವಳು, ಯಾದಗಿರಿಗೆ ಕೊಟ್ಟಿದ್ದಾರೆ. ಸೆರಗಿನ ವಿಷಯ ಬಂದರೆ ಸುಮ್ನೆ ಕೂರಲು ಆಗಲ್ಲ. ನಮ್ಮ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಒಂದೊಂದು ಎಳೆಗೂ ಒಂದು ಕೊಂಡಿ. ಅದು ಸೆರಗು ಆಗಲ್ಲವಾ? ಡಯಾನಾ ಗೌನಿಗೆ ಹಿಂದೆ ಕೂಡಿಸಿದ್ದು ಮಾತ್ರ ಯಾಕೆ ಆಗಬಾರದು?

ತೊಗರಿ_ಕಣಜ: "ಕೂಡಿಸಿದ್ದು" ಎಲ್ಲಾ ಸೆರಗಾದರೆ ಟ್ರ್ಯಾಕ್ಟರ್ ಹಿಂದಿನ ಟ್ರಾಲಿಯೂ ಸೆರಗೇ.

ಇಳಕಲ್_ಸೊಸೆ: ಮನೆಯಲ್ಲಿ ಹೆಂಡತಿ ಮುಂದೆ ಈ ಮಾತು ಆಡಿ ನೋಡಿ.

ಬೀದರ್_ಬುರ್ಜು: 25 ಅಡಿ ಅಂತ ಬಾಯಿ ಬಿಡಬೇಡಿ. ನಮ್ಮಜ್ಜಿ ಕಚ್ಚೆ ಹಾಕಿ ಉಡುತ್ತಿದ್ದದ್ದು ಒಂಬತ್ತು ಗಜದ ಸೀರೆ. ಗಜಕ್ಕೆ ಮೂರು ಅಡಿ, 27 ಅಡಿ ಆಯಿತು. ಡಯಾನಾಗಿಂತ ಎರಡು ಅಡಿ ಜಾಸ್ತಿ. ಅದನ್ನುಟ್ಟು ಹೊಲಕ್ಕೂ ಹೋಗುತ್ತಿದ್ದಳು, ಹಿಂದೆ ಎತ್ತಿ ಹಿಡಿಯಲು ಹುಡುಗಿಯರು ಬೇಕಿರಲಿಲ್ಲ.

ತೊಗರಿ_ಕಣಜ: ಲೆಕ್ಕ ತಪ್ಪು. ನೀವು ಇಡೀ ಸೀರೆ ಅಳೆದಿರಿ, ಅಲ್ಲಿ ಬರೀ ಬಾಲದ ಅಳತೆ.

ಬೀದರ್_ಬುರ್ಜು: ಮತ್ತೆ ಬಾಲ!

ಭೀಮಾ_ದಂಡೆ: ಅಜ್ಜಿ ಮಾತು ಎತ್ತಿದ್ದು ಒಳ್ಳೆಯದಾಯಿತು. ಆ ಕಾಲದ ಖಣದ ಕುಬಸಕ್ಕೆ ಹುಕ್ಕು ಎಲ್ಲಿತ್ತು? ಮುಂದೆ ಗಂಟು ಹಾಕುತ್ತಿದ್ದರು. ಹೊಟ್ಟೆ ಕಾಣುತ್ತಿತ್ತು, ತಲೆ ಮಾತ್ರ ಕಾಣುತ್ತಿರಲಿಲ್ಲ. ಈಗಿನ ಹುಡುಗಿಯರು ತಲೆ ಬಿಟ್ಟಿದ್ದಾರೆ, ಹೊಟ್ಟೆ ಮುಚ್ಚಿ ಬೆನ್ನು ಬಿಟ್ಟಿದ್ದಾರೆ. ನಾಚಿಕೆ ಎಲ್ಲಿರುತ್ತೆ ಅನ್ನುವುದು ಬದಲಾಗಿದೆ ಅಷ್ಟೇ.

ಶಹಾಬಾದ್_ಕಲ್ಲು: ನಮ್ಮಜ್ಜಿಯ ಹೊಟ್ಟೆ ವಿಷಯಕ್ಕೆ ಬರಬೇಡಿ.

ಭೀಮಾ_ದಂಡೆ: ನಾನು ನಮ್ಮಜ್ಜಿ ಬಗ್ಗೆ ಹೇಳಿದ್ದು!

ಬೀದರ್_ಬುರ್ಜು: ಲಂಡನ್ ರಾಣಿಯರನ್ನೇ ಯಾಕೆ ಹಿಡಿದಿದ್ದೀರಿ? ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯೆಲ್ಲ 1948ರ ತನಕ ಹೈದರಾಬಾದಿನ ನಿಜಾಮನ ಕೈಯಲ್ಲಿತ್ತು. 1931ರ ನವೆಂಬರ್‌ನಲ್ಲಿ ನಿಜಾಮನ ಇಬ್ಬರು ಮಕ್ಕಳ ಲಗ್ನ ಫ್ರಾನ್ಸಿನ ನೀಸ್‌ನಲ್ಲಿ ಆಯಿತು. ಸೊಸೆಯರು ದುರುಶೆಹ್ವಾರ್ ಮತ್ತು ನಿಲೋಫರ್, ತುರ್ಕಿಯ ರಾಜಮನೆತನದವರು. ಹೈದರಾಬಾದಿಗೆ ಬಂದ ಮೇಲೆ ನಿಲೋಫರ್ ಪರದಾ ಬಿಟ್ಟು ಓಡಾಡಿದರು. ಅವರ ಸೀರೆಯ ಫೋಟೊ ಇವತ್ತಿಗೂ ಜನ ನೋಡುತ್ತಾರೆ. ತಲೆ ಮೇಲೆ ಸೆರಗಿಲ್ಲ.

ಶಹಾಬಾದ್_ಕಲ್ಲು: "ಸೀರೆ" ಅಂತ ನೀವೇ ಬರೆದಿರಿ. ಸೀರೆ ಉಟ್ಟರಲ್ಲ, ಅಷ್ಟು ಸಾಕು. ಇನ್ನೊಂದು ಕೇಳಿ. 2020ರಲ್ಲಿ ಯೂಜಿನಿಯ ಅಕ್ಕ ಬಿಯಾಟ್ರಿಸ್ ಲಗ್ನವಾದಾಗ ಅಜ್ಜಿಯ ಹಳೆಯ ಗೌನನ್ನೇ ಹಾಕಿದಳು, ಅದಕ್ಕೆ ಹೊಸದಾಗಿ ತೋಳು ಸೇರಿಸಿದರು. ಯಾಕೆ ಸೇರಿಸಿದರು? ಮರ್ಯಾದೆಗೆ.

ಭೀಮಾ_ದಂಡೆ: ಅಂದರೆ ಅಜ್ಜಿಯ ಗೌನಿಗೆ ತೋಳೇ ಇರಲಿಲ್ಲ ಅಂತ ಆಯಿತಲ್ಲ! ರಾಣಿಯೇ 1960ರ ದಶಕದಲ್ಲಿ ತೋಳಿಲ್ಲದ್ದು ಹಾಕಿದ್ದಳು.

ಶಹಾಬಾದ್_ಕಲ್ಲು: ಅದು ಲಗ್ನದ ಗೌನಲ್ಲ. ಲಗ್ನ ಆಗಿದ್ದು 1947ರಲ್ಲಿ, ಆಗ ಉದ್ದ ತೋಳೇ ಇತ್ತು. ಯುದ್ಧ ಮುಗಿದ ಕಾಲ, ಬಟ್ಟೆಗೂ ಕೂಪನ್. ಜನ ತಮ್ಮ ಕೂಪನ್ ಕಳಿಸಿದರೆ, ಇನ್ನೊಬ್ಬರ ಕೂಪನ್ ಬಳಸಬಾರದು ಅಂತ ವಾಪಸ್ ಕಳಿಸಿದರು. ಬಟ್ಟೆಯ ಬರದಲ್ಲೂ ತೋಳು ಬಿಡಲಿಲ್ಲ. ನಮ್ಮಲ್ಲಿ ಬಟ್ಟೆಗೇನು ಬರ?

ರೊಟ್ಟಿ_ಚಟ್ನಿ: ಮೈಸೂರು ಅರಮನೆ ಲಗ್ನ ಯಾರಿಗೂ ನೆನಪಿಲ್ಲವಾ? 2016ರ ಜೂನ್ 27. ಯದುವೀರ್ ಅವರದು. ಎಷ್ಟು ಚೆಂದ ಇತ್ತು.

ಬೀದರ್_ಬುರ್ಜು: ಮದುಮಗಳು ರಾಜಸ್ಥಾನದ ಡುಂಗರ್‌ಪುರದವರು. ನಮಗೇನು ಸಂಬಂಧ?

ರೊಟ್ಟಿ_ಚಟ್ನಿ: ನೀಸ್ ನಿಮ್ಮ ತಾಲ್ಲೂಕಿನಲ್ಲಿದೆಯಾ?

ಸೂಜಿ_ದಾರ: ಇಪ್ಪತ್ತು ವರ್ಷದಿಂದ ಕುಬಸ ಹೊಲಿಯುತ್ತಿದ್ದೇನೆ, ನಾನೊಂದು ಮಾತು ಹೇಳಲಾ? ಬೆನ್ನು ಇಳಿದಷ್ಟೂ ಭುಜ ಜಾರುತ್ತದೆ. ಆ ದಾರ ಶೋಕಿಗಲ್ಲ, ಭುಜ ಹಿಡಿದುಕೊಳ್ಳಲು. ಹೋದ ವರ್ಷ ಒಬ್ಬ ಹುಡುಗಿ ದಾರ ಬೇಡ, ಗೊಂಡೆ ಬೇಡ, ಬೆನ್ನು ಮಾತ್ರ ಪೂರ್ತಿ ಬೇಕು ಅಂದಳು. ಹೊಲಿದು ಕೊಟ್ಟೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಬಲಗೈಯಲ್ಲಿ ಹಾರ, ಎಡಗೈಯಲ್ಲಿ ಭುಜ ಹಿಡಿದುಕೊಂಡು ನಿಂತಿದ್ದಳು. ಮೇ ತಿಂಗಳು ಅಂತೀರಿ, 42 ಡಿಗ್ರಿ ಇರುತ್ತೆ. ಮಣಿಕಟ್ಟಿನ ತನಕ ಲೇಸ್ ಹಾಕಿದರೆ ಹುಡುಗಿ ಹಂದರದಲ್ಲೇ ಬೀಳುತ್ತಾಳೆ. ಬಟ್ಟೆ ನೋಡಿ ಆರಿಸಿ, ರಾಣಿ ನೋಡಿ ಅಲ್ಲ. ಡಯಾನಾದು ಟಫೆಟಾ ರೇಷ್ಮೆ, ಗಾಡಿಯಲ್ಲಿ ಮಡಚಿ ಕೂತು ಇಳಿಯುವಾಗ ಮುದುಡಿ ಹೋಗಿತ್ತು.

ತೊಗರಿ_ಕಣಜ: "ಮಡಚಿ ಕೂತು". ನೋಡಿದಿರಾ? ಸೆರಗನ್ನು ಯಾರಾದರೂ ಮಡಚಿ ಗಾಡಿಯಲ್ಲಿ ತುರುಕುತ್ತಾರಾ?

ಇಳಕಲ್_ಸೊಸೆ: ಬಸ್ಸಿನಲ್ಲಿ ನಾವು ದಿನಾ ತುರುಕುತ್ತೇವೆ. ನೀವು ಎಂದಾದರೂ ಸೀರೆ ಉಟ್ಟು ಬಸ್ ಹತ್ತಿದ್ದೀರಾ? ಇಲ್ಲಿ ಮಾತಾಡುವ ಅರ್ಧ ಜನ ಕುಬಸ ತೊಟ್ಟವರೇ ಅಲ್ಲ. ವರನ ಶೆರವಾನಿ ಎಷ್ಟು ಬಿಗಿ ಇದೆ ಅಂತ ಯಾರಾದರೂ ಯಾದಿ ದಿನ ಕೇಳುತ್ತಾರಾ?

ರೊಟ್ಟಿ_ಚಟ್ನಿ: ಶೆರವಾನಿ ಬಾಡಿಗೆಗೆ ಎಲ್ಲಿ ಸಿಗುತ್ತೆ? ತಮ್ಮನಿಗೆ ಬೇಕಿತ್ತು.

ಭೀಮಾ_ದಂಡೆ: ಸೆರಗೇ ಬೇಕು ಅನ್ನುವವರಿಗೆ ರಾಜಕುಮಾರ ಹ್ಯಾರಿಯ ಹೆಂಡತಿ ಮೇಗನ್ ಇದ್ದಾಳಲ್ಲ. 2018ರ ಮೇನಲ್ಲಿ ತಲೆ ಮೇಲಿಂದ 5 ಮೀಟರ್ ಮುಸುಕು, ಅಂಚಿಗೆ 53 ಕಾಮನ್‌ವೆಲ್ತ್ ದೇಶಗಳ ಹೂವು, ನಮ್ಮ ದೇಶಕ್ಕೆ ಕಮಲ.

ತೊಗರಿ_ಕಣಜ: ಅದು ಬೇಕಾದರೆ ಸೆರಗು. ತಲೆ ಮೇಲಿದೆ.

ಇಳಕಲ್_ಸೊಸೆ: ಒಪ್ಪಿದಿರಿ!

ತೊಗರಿ_ಕಣಜ: ಒಪ್ಪಿಲ್ಲ. ಮೇಗನ್‌ದು ಸೆರಗು, ಡಯಾನಾದು ಬಾಲ. ಮೊದಲಿಂದ ಅದನ್ನೇ ಹೇಳುತ್ತಿದ್ದೇನೆ.

ಶಹಾಬಾದ್_ಕಲ್ಲು: ಈಗಷ್ಟೇ ಟೇಲರ್ ಫೋನ್ ಮಾಡಿದ. ಹುಡುಗಿ ನಿನ್ನೆಯೇ ಹೋಗಿ ಅಳತೆ ಕೊಟ್ಟು ಬಂದಿದ್ದಾಳಂತೆ. ದಾರ ಇದೆ, ಗೊಂಡೆಯೂ ಇದೆ. ಜೊತೆಗೆ ಹೋದದ್ದು ನಮ್ಮವ್ವ. ಗೊಂಡೆಯ ಬಣ್ಣ ಅವಳೇ ಆರಿಸಿದ್ದಾಳೆ. ನನ್ನ ಮಾತೇನೂ ಬದಲಾಗಿಲ್ಲ, ಬೆನ್ನಿನ ಮೇಲೆ ಸೆರಗು ಹೊದೆಸುತ್ತೇವೆ.

ಬೀದರ್_ಬುರ್ಜು: ಎಷ್ಟು ಅಡಿ ಸೆರಗು?